ಮುಚ್ಚಿದ ಡಬ್ಬಿಗೆ ಗಾಳಿ ಹೊಕ್ಕಾಗ

ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಂದು ನೆಲೆಸಿದ. ಅವನ ಮನೆಯ ಪಕ್ಕದಲ್ಲೇ ಒಂದು ಬಿಯರ್ ಕಾರ್ಖಾನೆ ಇತ್ತು. ಅಲ್ಲಿ ಹುದುಗುತ್ತಿದ್ದ ದೊಡ್ಡ ತೊಟ್ಟಿಗಳ ಮೇಲೆ ಸುಮಾರು ಒಂದು ಅಡಿ ದಪ್ಪದ, ಕಣ್ಣಿಗೆ ಕಾಣದ ಒಂದು ಅನಿಲದ ಪದರ ನಿಂತಿರುವುದು ಅವನ ಗಮನಕ್ಕೆ ಬಂತು. ಉರಿಯುವ ಕಡ್ಡಿಯನ್ನು ಆ ಪದರದೊಳಗೆ ಇಳಿಸಿದರೆ ಕಡ್ಡಿ ಆರಿಹೋಗುತ್ತಿತ್ತು. ಆರಿದ ಕಡ್ಡಿಯ ಹೊಗೆ ಪದರದ ಮೇಲೆ ತೇಲುತ್ತಿತ್ತು. ಅದೇ ಜಾಗದಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಗ ನೀರಿಗೆ ಚುರುಚುರು ರುಚಿ ಬಂತು. ಸೋಡಾ ನೀರಿನ ಕಥೆ ಶುರುವಾದದ್ದು ಹೀಗೆ. ಆ ಅನಿಲವನ್ನು ಇಂದು ಇಂಗಾಲದ ಡೈ ಆಕ್ಸೈಡ್ ಎನ್ನುತ್ತೇವೆ. ಏಳು ವರ್ಷಗಳ ನಂತರ, 1774ರ ಆಗಸ್ಟ್ 1ರಂದು, ಇದೇ ಪ್ರೀಸ್ಟ್ಲಿ ಪಾದರಸದ ಕೆಂಪು ಆಕ್ಸೈಡಿನ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ಇನ್ನೊಂದು ಅನಿಲವನ್ನು ಪಡೆದ. ಅದೇ ಆಮ್ಲಜನಕ. ಸ್ವೀಡನ್ನಿನ ಷೀಲೆ ಅದನ್ನು ಇನ್ನೂ ಮೊದಲೇ ಕಂಡಿದ್ದ, ಆದರೆ ಅವನ ಪುಸ್ತಕ ಹೊರಬಂದದ್ದು 1777ರಲ್ಲಿ.

ಒಬ್ಬನೇ ಮನುಷ್ಯನ ಕೈಗೆ ಸಿಕ್ಕ ಈ ಎರಡು ಅನಿಲಗಳಿಗೆ ಬಿಯರಿನ ಡಬ್ಬಿಯೊಳಗೆ ನಿತ್ಯ ಜಗಳ. ಅಮೆರಿಕ, ಬ್ರಿಟನ್‌ಗಳಲ್ಲಿ ತಮ್ಮ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳ ತಲೆನೋವಿನಲ್ಲಿ ಬಹುಪಾಲು ಈ ಜಗಳದಿಂದಲೇ ಬಂದದ್ದು. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಬಿಯರ್ ತಯಾರಿಸಲು ಬೇಕಿದ್ದ ಪರವಾನಗಿ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಇಂಥದೇ ಕಾಯ್ದೆಗೆ ಸಹಿ ಹಾಕಿದರು. ಆದರೂ ಮಿಸಿಸಿಪ್ಪಿ, ಅಲಬಾಮ ರಾಜ್ಯಗಳು ಒಪ್ಪಿಕೊಂಡದ್ದು 2013ರಲ್ಲಿ. ಅಲ್ಲಿನ ಹವ್ಯಾಸಿಗಳ ಸಂಘವನ್ನು 1978ರಲ್ಲಿ ಕೊಲರಾಡೊ ರಾಜ್ಯದ ಬೋಲ್ಡರ್ ಊರಿನಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಚಾರ್ಲಿ ಪಪೇಜಿಯನ್ ಪರಮಾಣು ಎಂಜಿನಿಯರಿಂಗ್ ಓದಿ ಶಾಲಾ ಮಾಸ್ತರಾಗಿದ್ದವರು ಎಂಬುದು ಕುತೂಹಲದ ಸಂಗತಿ.

ಮಕ್ಕಳು ಓದುವ ಪುಟದಲ್ಲಿ ಬಿಯರಿನ ಮಾತೇಕೆ ಎಂದು ತಂದೆತಾಯಿಗಳು ಹುಬ್ಬೇರಿಸಬಹುದು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ; ಇಲ್ಲಿರುವುದು ತಯಾರಿಸುವ ಪಾಠವೂ ಅಲ್ಲ. ಆದರೆ ಪ್ರೌಢಶಾಲೆಯ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವ ವಿಸರಣೆ, ಅನಿಲಗಳ ಸಂಕೋಚನ, ವಾಯುಭಾರ, ಉತ್ಕರ್ಷಣ, ಸೂಕ್ಷ್ಮಜೀವಿಗಳು ಇವೆಲ್ಲ ಒಂದೇ ಡಬ್ಬಿಯಲ್ಲಿ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹವ್ಯಾಸಿಗಳು ಮಾಡುವುದು ಸ್ಥೂಲವಾಗಿ ಇಷ್ಟು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ಕಷಾಯವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಂದಿಗೆ ಕುದಿಸುತ್ತಾರೆ. ಅದನ್ನು ತಣಿಸಿ, ಪ್ಲಾಸ್ಟಿಕ್ ಬಕೆಟ್ಟಿಗೋ ಕಾರ್ಬಾಯ್ ಎಂಬ ದೊಡ್ಡ ಗಾಜಿನ ಬುರುಡೆಗೋ ಸುರಿದು ಯೀಸ್ಟ್ ಬೆರೆಸುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ ಐದು ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಬಾಯಿಗೆ ಏರ್‌ಲಾಕ್ ಎಂಬ ಪುಟ್ಟ ಸಾಧನವನ್ನು ಸಿಕ್ಕಿಸುತ್ತಾರೆ. ಅದು ನೀರು ತುಂಬಿದ ಒಂದು ಬಾಗಿದ ನಳಿಗೆ, ಅಷ್ಟೆ. ಒಳಗಿನ ಅನಿಲ ಗುಳ್ಳೆಯಾಗಿ ಹೊರಗೆ ಹೋಗಬಹುದು, ಹೊರಗಿನ ಗಾಳಿ ಒಳಗೆ ಬರುವಂತಿಲ್ಲ ಎಂಬುದು ಲೆಕ್ಕ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಮುಂದೆ ನೋಡೋಣ.

ಮೊದಲಿಗೆ ಒಂದು ವಿಚಿತ್ರ. ಯೀಸ್ಟ್ ಬೆರೆಸುವ ಗಳಿಗೆಯಲ್ಲಿ ಇದೇ ಆಮ್ಲಜನಕ ಬೇಕೇಬೇಕು. ಕುದಿಸಿದಾಗ ಕಷಾಯದಲ್ಲಿ ಕರಗಿದ್ದ ಗಾಳಿಯೆಲ್ಲ ಹೊರಟುಹೋಗಿರುತ್ತದೆ. ಆದ್ದರಿಂದ ತಣಿದ ಮೇಲೆ ಡಬ್ಬಿಯನ್ನು ಚೆನ್ನಾಗಿ ಕುಲುಕಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗುವಂತೆ ಮಾಡುತ್ತಾರೆ. ಯೀಸ್ಟ್ ಮರಿ ಹಾಕುವಾಗ ಹೊಸ ಜೀವಕೋಶಗಳಿಗೆ ಹೊಸ ಪೊರೆ ಬೇಕು. ಆ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಮತ್ತು ಕೆಲವು ಕೊಬ್ಬಿನ ಆಮ್ಲಗಳನ್ನು ಆಮ್ಲಜನಕವಿಲ್ಲದೆ ಅದು ತಯಾರಿಸಲಾರದು. ಆಂಡ್ರಿಯಾಸನ್ ಮತ್ತು ಸ್ಟಿಯರ್ ಎಂಬ ವಿಜ್ಞಾನಿಗಳು 1953 ಮತ್ತು 1954ರಲ್ಲಿ ಇದನ್ನು ತೋರಿಸಿದರು. ಲೂಯಿ ಪಾಸ್ಚರ್ ಹುದುಗುವಿಕೆಯನ್ನು ಗಾಳಿಯಿಲ್ಲದ ಬದುಕು ಎಂದು ವರ್ಣಿಸಿದ್ದು ಸರಿಯೇ. ಆದರೆ ಆ ಬದುಕಿಗೆ ಹೊರಡುವ ಮುನ್ನ ಬುತ್ತಿ ಕಟ್ಟಿಕೊಳ್ಳಲು ಗಾಳಿ ಬೇಕು.

ಈ ಬುತ್ತಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲೆ ಒಳಗೆ ಬರುವ ಆಮ್ಲಜನಕಕ್ಕೆ ಯೀಸ್ಟಿನ ಕೆಲಸ ಮುಗಿದಂತೆಲ್ಲ ಗಿರಾಕಿ ಕಡಿಮೆ. ಆಗ ಅದು ಬಿಯರನ್ನೇ ಹಿಡಿದುಕೊಳ್ಳುತ್ತದೆ. ಹಾಪ್ಸ್ ಹೂವಿನ ಪರಿಮಳ ಮೊದಲು ಹೋಗುತ್ತದೆ, ಬಣ್ಣ ಕಂದುತ್ತದೆ. ದಿನ ಕಳೆದಂತೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಈ ರಟ್ಟಿನ ವಾಸನೆಗೆ ಮುಖ್ಯ ಕಾರಣ ಟ್ರಾನ್ಸ್-2-ನೊನೆನಾಲ್ ಎಂಬ ಸಂಯುಕ್ತ ಎಂದು 1970ರಲ್ಲಿ ಗುರುತಿಸಲಾಯಿತು. ಒಂದು ಲೀಟರಿನಲ್ಲಿ ಅದು 0.1 ಮೈಕ್ರೋಗ್ರಾಂ ಇದ್ದರೂ ನಾಲಗೆಗೆ ಗೊತ್ತಾಗುತ್ತದೆ; ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಹಳೆಯ ಕೊಬ್ಬರಿ ಎಣ್ಣೆ ಕಮಟುವುದು, ಕೊಯ್ದ ಸೇಬು ಕಂದಾಗುವುದು ಇವೂ ಆಮ್ಲಜನಕದ ಕೆಲಸವೇ, ದಾರಿ ಮಾತ್ರ ಬೇರೆ. ಇಷ್ಟು ಸಾಲದೆಂಬಂತೆ, ಗಾಳಿ ಸಿಕ್ಕಿದರೆ ಮದ್ಯಸಾರವನ್ನು ವಿನೆಗರ್ ಮಾಡಿಬಿಡುವ ಬ್ಯಾಕ್ಟೀರಿಯಾಗಳೂ ಇವೆ. ಹಣ್ಣಿನ ಬುಟ್ಟಿಯ ಸುತ್ತ ಹಾರುವ ಪುಟ್ಟ ನೊಣಗಳೇ ಅವನ್ನು ಹೊತ್ತು ತರುತ್ತವೆ.

ಹಾಗಾದರೆ ಡಬ್ಬಿಯ ಮುಚ್ಚಳ ತೆಗೆದರೆ ಏನಾಗುತ್ತದೆ? ಹವ್ಯಾಸಿಗಳಲ್ಲಿ ಬಹಳ ಬೇರೂರಿದ ಒಂದು ನಂಬಿಕೆ ಇದೆ. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಆದ್ದರಿಂದ ಅದು ಬಿಯರಿನ ಮೇಲೆ ಕಂಬಳಿಯಂತೆ ಹೊದ್ದುಕೊಂಡು ಕಾಯುತ್ತದೆ, ಮುಚ್ಚಳ ತೆಗೆದರೂ ಚಿಂತೆಯಿಲ್ಲ ಎಂಬುದು ಆ ನಂಬಿಕೆ. ಪ್ರೀಸ್ಟ್ಲಿ ಕಂಡ ಪದರವನ್ನೇ ಸಾಕ್ಷಿಗೆ ಕರೆಯಬಹುದು. ಆದರೆ ಅವನು ಕಂಡದ್ದು ಹುದುಗುತ್ತಿರುವ ತೊಟ್ಟಿ. ಅಲ್ಲಿ ಕೆಳಗಿನಿಂದ ಹೊಸ ಅನಿಲ ಎಡೆಬಿಡದೆ ಏಳುತ್ತಿತ್ತು. ಮೇಲಿನಿಂದ ಎಷ್ಟು ಚದುರಿಹೋದರೂ ಪದರ ಮತ್ತೆ ತುಂಬಿಕೊಳ್ಳುತ್ತಿತ್ತು. ಹುದುಗುವಿಕೆ ನಿಂತ ಮೇಲೆ ತುಂಬುವವರು ಯಾರು?

ನಮ್ಮ ಅಡುಗೆಮನೆಯ ಉಪ್ಪಿನಕಾಯಿ ಭರಣಿಯನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮಾವಿನ ಹೋಳಿನ ಮೇಲೆ ಬೆರಳುದ್ದ ಎಣ್ಣೆ ನಿಂತಿದ್ದರೆ ಅದು ನಿಜವಾದ ಮುಚ್ಚಳ. ಎಣ್ಣೆಯೂ ಉಪ್ಪುನೀರೂ ಬೆರೆಯುವುದಿಲ್ಲ, ವರ್ಷ ಕಳೆದರೂ ಬೇರೆಯೇ ಇರುತ್ತವೆ. ಅನಿಲಗಳು ಹಾಗಲ್ಲ. ಎಲ್ಲ ಅನಿಲಗಳೂ ಒಂದರೊಳಗೊಂದು ಬೆರೆಯುತ್ತವೆ, ಬೆರೆತ ಮೇಲೆ ತೂಕ ನೋಡಿ ಬೇರೆಯಾಗುವುದಿಲ್ಲ. ತೂಕದ ಪ್ರಕಾರ ಪದರ ಪದರವಾಗಿ ನಿಲ್ಲುವಂತಿದ್ದರೆ ವಾತಾವರಣದ ಇಂಗಾಲದ ಡೈ ಆಕ್ಸೈಡೆಲ್ಲ ನೆಲಕ್ಕಿಳಿದು ಅಂಬೆಗಾಲಿಡುವ ಮಗುವಿನ ಗತಿ ಏನಾಗುತ್ತಿತ್ತು! ಸ್ವಲ್ಪವೂ ಅಲುಗಾಡದ ಗಾಳಿಯಲ್ಲೂ ಇಂಗಾಲದ ಡೈ ಆಕ್ಸೈಡ್ ಹತ್ತು ಸೆಂಟಿಮೀಟರ್ ದೂರ ಹಬ್ಬಲು ಐದಾರು ನಿಮಿಷ ಸಾಕು. ಮುಚ್ಚಳ ಎತ್ತುವ ಕೈಯ ಬೀಸುಗಾಳಿಗೆ ಅಷ್ಟೂ ಹೊತ್ತು ಬೇಡ.

ಭಾರದ ಅನಿಲ ನೆಲ ಹಿಡಿದು ಹರಿಯುವುದೇ ಇಲ್ಲ ಎಂದು ಇದರ ಅರ್ಥವಲ್ಲ. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕದ ಕ್ಯಾಮರೂನ್ ದೇಶದ ನ್ಯೋಸ್ ಸರೋವರದ ತಳದಿಂದ ಅಪಾರ ಪ್ರಮಾಣದ ಇಂಗಾಲದ ಡೈ ಆಕ್ಸೈಡ್ ಒಮ್ಮೆಲೇ ಎದ್ದು ಕಣಿವೆಗಳಗುಂಟ ಇಳಿದು ಸುಮಾರು 1,700 ಜನರನ್ನು ಉಸಿರುಗಟ್ಟಿಸಿ ಕೊಂದಿತು. ಅನಿಲದ ರಾಶಿ ದೊಡ್ಡದಾದಷ್ಟೂ ಬೆರೆಯಲು ಹೊತ್ತು ಬೇಕು; ಆ ಹೊತ್ತಿನಲ್ಲೇ ಅನಾಹುತ ನಡೆದುಹೋಗುತ್ತದೆ. ಬಕೆಟ್ಟಿನ ಮೇಲಿನ ನಾಲ್ಕು ಲೀಟರ್ ಅನಿಲಕ್ಕೆ ಆ ಶಕ್ತಿ ಇಲ್ಲ.

ಇನ್ನು ಸಲಕರಣೆಗಳ ಅವಾಂತರಗಳು. ಹೊಸಬರು ಮೊದಲು ಗಾಬರಿಯಾಗುವುದು ಏರ್‌ಲಾಕಿನಲ್ಲಿ ಗುಳ್ಳೆ ನಿಂತಾಗ. ಯೀಸ್ಟ್ ಸತ್ತಿತೆಂದು ಮುಚ್ಚಳ ತೆಗೆದು ಇಣುಕುತ್ತಾರೆ, ಮರುದಿನ ಮತ್ತೆ ಇಣುಕುತ್ತಾರೆ. ನಿಜಸಂಗತಿ ಏನೆಂದರೆ ಎಷ್ಟೋ ಸಲ ಮುಚ್ಚಳದ ಅಂಚಿನ ರಬ್ಬರ್ ಬಳೆ ಸರಿಯಾಗಿ ಕೂತಿರುವುದಿಲ್ಲ. ಅನಿಲ ನೀರಿನ ದಾರಿಗಿಂತ ಸುಲಭದ ಆ ಸಂದಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಹುದುಗುವಿಕೆ ಜೋರಾಗಿರುವಾಗ ಆ ಸಂದಿಯಿಂದ ಹೆಚ್ಚಿನ ಹಾನಿಯಿಲ್ಲ, ಏಕೆಂದರೆ ಹರಿವು ಒಳಗಿನಿಂದ ಹೊರಕ್ಕೆ. ಮುಚ್ಚಳವನ್ನು ಒತ್ತಿ ಕೂರಿಸಿದರೆ ಸಾಕು. ಹುದುಗುವಿಕೆ ಮುಗಿಯಿತೋ ಇಲ್ಲವೋ ಎಂದು ಹೇಳಬೇಕಾದ್ದು ಗುಳ್ಳೆಯಲ್ಲ, ಹೈಡ್ರೋಮೀಟರು. ಹಾಲಿಗೆ ಲ್ಯಾಕ್ಟೋಮೀಟರ್ ಇದ್ದ ಹಾಗೆ ಇದಕ್ಕೆ ಇದು. ಸಕ್ಕರೆ ಕರಗಿದ ಕಷಾಯದ ಸಾಪೇಕ್ಷ ಸಾಂದ್ರತೆ 1.050 ಇದ್ದರೆ, ಸಕ್ಕರೆ ಖರ್ಚಾದ ಮೇಲೆ 1.010ರ ಆಸುಪಾಸಿಗೆ ಇಳಿಯುತ್ತದೆ. ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು ಅದೇ ಅಂಕಿ ಬಂದರೆ ಕೆಲಸ ಮುಗಿಯಿತೆಂದು ಅರ್ಥ. ಕಾಣುವ ಗುಳ್ಳೆಗಿಂತ ಅಳೆದ ಅಂಕಿ ಮೇಲು.

ಇದಕ್ಕೆ ತದ್ವಿರುದ್ಧದ ಅವಾಂತರವೂ ಉಂಟು. ನೊರೆ ಉಕ್ಕಿ ಏರ್‌ಲಾಕಿನ ನಳಿಗೆಯಲ್ಲಿ ಹಾಪ್ಸ್ ಚೂರು ಸಿಕ್ಕಿಕೊಂಡರೆ ಒಳಗಿನ ಒತ್ತಡ ಏರಿ ಮುಚ್ಚಳವೇ ಹಾರುತ್ತದೆ. ಸೂರಿಗೆ ಕಂದು ಬಣ್ಣ ಬಳಿದಂತಾಗುತ್ತದೆ. ನೋಡಲು ಭಯಂಕರ, ಬಿಯರಿಗೆ ಮಾತ್ರ ಏನೂ ಆಗಿರುವುದಿಲ್ಲ. ನೊರೆ ಏಳುತ್ತಿದೆ ಎಂದರೆ ಯೀಸ್ಟಿನ ಹಸಿವು ಜೋರಾಗಿದೆ ಎಂದೇ ಅರ್ಥ, ಒಳಬಂದ ಅಲ್ಪ ಆಮ್ಲಜನಕವನ್ನು ಅದು ತಿಂದುಹಾಕುತ್ತದೆ. ಹೆಬ್ಬೆರಳು ಗಾತ್ರದ ನಳಿಕೆ ಸಿಕ್ಕಿಸಿ ಅದರ ತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿದರೆ ತೊಂದರೆ ತೀರಿತು.

ಸದ್ದಿಲ್ಲದೆ ಹಾಳುಮಾಡುವ ಅವಾಂತರ ಬೇರೆಯದು. ಹುದುಗು ಮುಗಿದ ಮೇಲೆ ಗಸಿ ತಳಕ್ಕೆ ಇಳಿಯಲೆಂದು ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡುತ್ತಾರೆ. ಮರುದಿನ ನೋಡಿದರೆ ಏರ್‌ಲಾಕಿನ ನೀರು ಮಾಯ! ಹತ್ತನೆಯ ತರಗತಿಯ ಹುಡುಗನಿಗೆ ಇದು ಹೊಸದಲ್ಲ. ಪ್ರಯೋಗಶಾಲೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಕಾಯಿಸಿ ನೀರಿನ ಮೇಲೆ ಆಮ್ಲಜನಕ ಸಂಗ್ರಹಿಸುವಾಗ, ದೀಪ ಆರಿಸುವ ಮೊದಲು ನಳಿಕೆಯನ್ನು ನೀರಿನಿಂದ ಹೊರಗೆ ತೆಗೆಯಬೇಕೆಂದು ಎಚ್ಚರಿಸುತ್ತಾರೆ. ಮರೆತರೆ ಪ್ರನಾಳ ತಣಿದು, ಒಳಗಿನ ಅನಿಲ ಕುಗ್ಗಿ, ತೊಟ್ಟಿಯ ನೀರು ಹಿಂದಕ್ಕೆ ನುಗ್ಗುತ್ತದೆ. ಕಾದ ಗಾಜು ಪಟ್ಟನೆ ಒಡೆಯುತ್ತದೆ. ಫ್ರಿಜ್ಜಿನಲ್ಲಿ ನಡೆದದ್ದೂ ಅದೇ.

ಲೆಕ್ಕ ಮಾಡಿ ನೋಡಬಹುದು. ಬಿಯರಿನ ಮೇಲೆ 4 ಲೀಟರ್ ಜಾಗ ಇದೆಯೆನ್ನಿ. ಉಷ್ಣತೆ 20ರಿಂದ 2 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 293ರಿಂದ 275 ಕೆಲ್ವಿನ್‌ಗೆ ಇಳಿಯಿತು. ಚಾರ್ಲ್ಸ್ ನಿಯಮದಂತೆ ಗಾತ್ರ 293ರಲ್ಲಿ 18 ಪಾಲು, ಅಂದರೆ ಸುಮಾರು 245 ಮಿಲಿಲೀಟರ್ ಕುಗ್ಗುತ್ತದೆ. ಅಷ್ಟು ಗಾಳಿ ಒಳಗೆ ಬರುತ್ತದೆ. ಅದರಲ್ಲಿ ಶೇಕಡ 21 ಆಮ್ಲಜನಕ, ಅಂದರೆ ಸುಮಾರು 51 ಮಿಲಿಲೀಟರ್, ತೂಕದಲ್ಲಿ ಸುಮಾರು 73 ಮಿಲಿಗ್ರಾಂ. ಅದೆಲ್ಲ 19 ಲೀಟರ್ ಬಿಯರಿನಲ್ಲಿ ಕರಗಿತೆಂದರೆ ಲೀಟರಿಗೆ 3.8 ಮಿಲಿಗ್ರಾಂ. ಒಳ್ಳೆಯ ಕಾರ್ಖಾನೆಗಳು ಬಾಟಲಿಗೆ ತುಂಬಿದ ಬಿಯರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಮಿಗಿಂತ ಕಡಿಮೆ ಇರಲೆಂದು ಹೆಣಗುತ್ತವೆ. ಒಂದು ಲೋಟದಷ್ಟು ಗಾಳಿ ಆ ಮಿತಿಯನ್ನು ಮೂವತ್ತೆಂಟು ಪಟ್ಟು ದಾಟಿಸಿತು. ನಿಜದಲ್ಲಿ ಗಾಳಿ ಇನ್ನೂ ಹೆಚ್ಚೇ ಬರುತ್ತದೆ, ಏಕೆಂದರೆ ತಣ್ಣಗಾದ ದ್ರವ ಮೇಲಿನ ಇಂಗಾಲದ ಡೈ ಆಕ್ಸೈಡನ್ನು ಮತ್ತಷ್ಟು ಕರಗಿಸಿಕೊಳ್ಳುತ್ತದೆ. ತಣ್ಣನೆಯ ಸೋಡಾದಲ್ಲಿ ಅನಿಲ ಹೆಚ್ಚು ಹೊತ್ತು ಉಳಿಯುವುದಕ್ಕೆ ಇದೇ ಕಾರಣ. ಜಾಣ ಹವ್ಯಾಸಿಗಳು ಹುದುಗುವಾಗಲೇ ಹೊರಬರುವ ಅನಿಲವನ್ನು ಒಂದು ಚೀಲದಲ್ಲಿ ತುಂಬಿಸಿ ಇಟ್ಟುಕೊಂಡು, ತಣಿಸುವಾಗ ಅದನ್ನೇ ಡಬ್ಬಿಗೆ ಜೋಡಿಸುತ್ತಾರೆ. ಡಬ್ಬಿ ಎಳೆದುಕೊಳ್ಳುವುದು ತನ್ನದೇ ಉಸಿರನ್ನು.

ಸೈಫನ್ನಿನದು ಇನ್ನೂ ಸ್ವಾರಸ್ಯ. ಬಿಯರನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಇಳಿಸುವಾಗ ನಳಿಕೆಯ ಮೇಲ್ತುದಿಯ ಜೋಡಣೆ ಸಡಿಲವಿದ್ದರೆ ಏನಾಗಬೇಕು? ಬಿಯರ್ ತೊಟ್ಟಿಕ್ಕಬೇಕು ಎನ್ನುವವರೇ ಹೆಚ್ಚು. ಒಂದು ಹನಿಯೂ ತೊಟ್ಟಿಕ್ಕುವುದಿಲ್ಲ. ಸೈಫನ್ನಿನ ಮೇಲಿನ ಬಾಗಿನಲ್ಲಿ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆ. ಆದ್ದರಿಂದ ಸಂದಿಯಿಂದ ಗಾಳಿಯೇ ಒಳಗೆ ಹೋಗಿ, ಸಣ್ಣ ಗುಳ್ಳೆಗಳಾಗಿ ಬಿಯರಿನ ಜೊತೆ ಹರಿಯುತ್ತದೆ. ಆಮ್ಲಜನಕ ಕರಗಿಸಲು ಇದಕ್ಕಿಂತ ಒಳ್ಳೆಯ ಉಪಾಯವೇ ಇಲ್ಲ. ನಳಿಕೆಯಲ್ಲಿ ಗುಳ್ಳೆಯ ಸಾಲು ಕಂಡ ಕೂಡಲೇ ಹರಿವನ್ನು ನಿಲ್ಲಿಸಿ ಜೋಡಣೆಗೆ ಪಟ್ಟಿ ಬಿಗಿಯಬೇಕು. ಬಾಯಿಯಿಂದ ಎಳೆದು ಸೈಫನ್ ಶುರುಮಾಡುವವರೂ ಇದ್ದಾರೆ. ಅವರು ಗಾಳಿಯ ಜೊತೆಗೆ ಬಾಯಿಯ ಬ್ಯಾಕ್ಟೀರಿಯಾಗಳನ್ನೂ ದಾನ ಮಾಡುತ್ತಾರೆ.

ಒಮ್ಮೆ ಹೊಕ್ಕ ಆಮ್ಲಜನಕವನ್ನು ಹೊರಗೆಳೆಯುವುದು ಕಷ್ಟ. ಆದರೂ ಎಲ್ಲ ಕಳೆದುಹೋಯಿತೆಂದಲ್ಲ. ಬಾಟಲಿಗೆ ತುಂಬುವಾಗ ಚಿಟಿಕೆ ಸಕ್ಕರೆ ಹಾಕಿದರೆ ಉಳಿದ ಯೀಸ್ಟ್ ಮತ್ತೆ ಎಚ್ಚೆತ್ತು ಒಳಗಿನ ಆಮ್ಲಜನಕದಲ್ಲಿ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ತಂಪಿನಲ್ಲಿಟ್ಟರೆ ಉತ್ಕರ್ಷಣ ನಿಧಾನ. ಹತ್ತು ಡಿಗ್ರಿ ಇಳಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ನಿಯಮ. ಅಂಥ ಬಿಯರನ್ನು ತಿಂಗಳುಗಟ್ಟಲೆ ಇಡದೆ ಬೇಗ ಮುಗಿಸುತ್ತಾರೆ. ಮತ್ತೆ ಮತ್ತೆ ಮುಚ್ಚಳ ತೆಗೆದು ಮೂಸಿ ನೋಡುವುದು ಮಾತ್ರ ಗಾಯವನ್ನು ಕೆರೆದಂತೆ.

ಇಲ್ಲಿಯವರೆಗಿನದು ರುಚಿಯ ಮಾತು. ಗಾಜಿನ ವಿಷಯ ಮಾತ್ರ ಪ್ರಾಣದ್ದು. ದಪ್ಪ ಗಾಜಿನ ಬುರುಡೆಗೆ ಬಿಸಿ ಕಷಾಯ ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗಿರುತ್ತದೆ. ಗಾಜು ದಪ್ಪವಿದ್ದಷ್ಟೂ ಸೀಳುವ ಅಪಾಯ ಹೆಚ್ಚು. ತುಂಬಿದ ಬುರುಡೆಯ ತೂಕ 25 ಕಿಲೋಗ್ರಾಂ ದಾಟುತ್ತದೆ. ಸೋಪಿನ ಕೈಯಿಂದ ಜಾರಿದರೆ ಚೂರುಗಳು ಕತ್ತಿಯಂತೆ ಕೊಯ್ಯುತ್ತವೆ. ಗಾಜು ಬಿರಿದ ಡಬ್ಬಿಯ ಬಿಯರನ್ನು ಬಟ್ಟೆಯಲ್ಲಿ ಶೋಧಿಸಿ ಉಳಿಸಿಕೊಳ್ಳುವ ಆಸೆ ಬೇಡ, ಚರಂಡಿಗೆ ಚೆಲ್ಲುವುದೇ ಸರಿ. ಬಾಟಲಿಗಳದೂ ಹೀಗೆಯೇ. ಒಂದು ಗ್ರಾಂ ಸಕ್ಕರೆ ಹುದುಗಿದರೆ ಕಾಲು ಲೀಟರಿಗಿಂತ ತುಸು ಹೆಚ್ಚು ಅನಿಲ ಹುಟ್ಟುತ್ತದೆ. ಹೈಡ್ರೋಮೀಟರ್ ನೋಡದೆ ಅವಸರದಲ್ಲಿ ಬಿರಡೆ ಬಿಗಿದು, ಲೀಟರಿಗೆ 10 ಗ್ರಾಂ ಸಕ್ಕರೆ ಹೆಚ್ಚಾಗಿ ಉಳಿದಿದ್ದರೆ, ಒಂದು ಲೀಟರ್ ಬಾಟಲಿಯೊಳಗೆ ಎರಡೂವರೆ ಲೀಟರಿಗೂ ಹೆಚ್ಚಿನ ಅನಿಲ ಹೊಸದಾಗಿ ಹುಟ್ಟಿ ಕೂರುತ್ತದೆ. ಬಾಟಲಿ ಸಿಡಿಯಲು ಯಾರೂ ಮುಟ್ಟಬೇಕಾಗಿಲ್ಲ.

ಏರ್‌ಲಾಕಿನ ನೀರು ಹಿಂದಕ್ಕೆ ಹೋದದ್ದನ್ನು ಬಿಯರಿನ ಸಹವಾಸವಿಲ್ಲದೆ ಮನೆಯಲ್ಲೇ ನೋಡಬಹುದು. ಒಣಗಿದ, ಒಂದು ಲೀಟರಿನ ಗಾಜಿನ ಬಾಟಲಿಗೆ ತೂತಿನ ಬಿರಡೆಯಲ್ಲಿ ಒಂದು ರಬ್ಬರ್ ನಳಿಕೆ ಸಿಕ್ಕಿಸಿ, ನಳಿಕೆಯ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಬೇಕು. ಬಾಟಲಿಯನ್ನು 50 ಡಿಗ್ರಿಯ ಬಿಸಿನೀರಿನ ಬಕೆಟ್ಟಿನಲ್ಲಿ ಐದು ನಿಮಿಷ ಹಿಡಿದರೆ ಲೋಟದಲ್ಲಿ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ಬಾಟಲಿಯನ್ನು ಹೊರತೆಗೆದು, ತುಸು ಆರಿದ ನಂತರ 25 ಡಿಗ್ರಿಯ ನೀರಿಗೆ ಇಳಿಸಿದರೆ ಲೋಟದ ನೀರು ನಳಿಕೆ ಹತ್ತಿ ಬಾಟಲಿಗೆ ಸುರಿಯುತ್ತದೆ. ಅದನ್ನು ಅಳೆಯಬೇಕು. ಚಾರ್ಲ್ಸ್ ನಿಯಮದ ಉತ್ತರ ಸುಮಾರು 77 ಮಿಲಿಲೀಟರ್. ಬಾಟಲಿಯನ್ನು ಮೊದಲೇ ಚೆನ್ನಾಗಿ ಒಣಗಿಸದೆ ಒಳಗೆ ನಾಲ್ಕಾರು ಹನಿ ನೀರು ಉಳಿದಿದ್ದರೆ ಅಳತೆ ಇದಕ್ಕಿಂತ ಗಣನೀಯವಾಗಿ ಹೆಚ್ಚು ಬರುತ್ತದೆ. ಏಕೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳಲಿ.